ಬಸುರಿಯ ತಾಟಿನಲ್ಲಿ ಏನಿದೆ?



ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ನಮ್ಮ ಕಡೆ ತೊಗರಿ ರಾಶಿ ಮುಗಿದಿರುತ್ತದೆ.  ಬಂದ ಪತ್ರಗಳಲ್ಲಿ ಹೆಚ್ಚಿನವು ಎಂದಿನಂತೆ ವರದಕ್ಷಿಣೆ, ಹೊಡೆತ, ಮುಗಿಯದ ಕೋರ್ಟಿನ ವಾಯಿದೆಗಳಿಗೆ ಸಂಬಂಧಿಸಿದವು. ಆದರೆ ಸೇಡಂ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದ ಒಂದೂವರೆ ಪುಟದ ಪತ್ರದಲ್ಲಿ ಇವು ಯಾವುವೂ ಇರಲಿಲ್ಲ. ಬರೆದವಳು ಐದು ತಿಂಗಳ ಬಸುರಿ. ಅವಳು ಕೇಳಿದ್ದು ಇಷ್ಟೆ: "ಅಕ್ಕಾ, ಪಪ್ಪಾಯಿ ತಿನ್ನಬ್ಯಾಡ ಅಂತಾರ, ಎಳ್ಳು-ಬೆಲ್ಲ ಬ್ಯಾಡ ಅಂತಾರ. ಬದನಿಕಾಯಿ ತಿಂದ್ರ ಕೂಸಿಗಿ ಕಜ್ಜಿ ಆಗ್ತದಂತ. ತತ್ತಿ ಉಷ್ಣಂತ, ಬಾಳಿಹಣ್ಣು ಥಂಡಿಯಂತ. ಹಂಗಾರ ನಾ ಏನ್ ತಿನ್ಲಿ?"

ಸಂಪಾದಕ ಬಳಗದ ಸಭೆಯಲ್ಲಿ ಈ ಪತ್ರ ಓದಿದಾಗ ಒಬ್ಬರು, "ಇದು ಡಾಕ್ಟರರನ್ನು ಕೇಳಬೇಕಾದ ಪ್ರಶ್ನೆ, ನಮ್ಮನ್ನಲ್ಲ" ಎಂದರು. ನಾನೂ ತಲೆಯಾಡಿಸಿದೆ. ವರದಕ್ಷಿಣೆ ಮತ್ತು ಕೌಟುಂಬಿಕ ದೌರ್ಜನ್ಯದ ವಿರುದ್ಧ ನಡೆಯುವ ಪತ್ರಿಕೆ ಪಪ್ಪಾಯಿ ಹಣ್ಣಿನ ಬಗ್ಗೆ ಬರೆಯುವುದೇನಿದೆ? ಆದರೆ ಪತ್ರದ ಅಂಚಿನಲ್ಲಿ, ಸಹಿಯ ಕೆಳಗೆ, ಸಣ್ಣ ಅಕ್ಷರದಲ್ಲಿ ಬರೆದಿದ್ದ ಇನ್ನೊಂದು ಸಾಲು ನನ್ನನ್ನು ಬಿಡಲಿಲ್ಲ. "ಹೋದ ಸಲ ಮೂರು ತಿಂಗಳಿಗಿ ಹೋತು. ನಾ ಏನೋ ತಿಂದೇ ಹಂಗಾತು ಅಂತ ಇನ್ನಾ ಅಂತಾರ."

ಆ ನಂತರ ಸಂಘಟನೆಯ ಕೆಲಸಕ್ಕೆಂದು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಲ್ಲ ಕಡೆಯೂ ಹೋಗಬೇಕಾಯಿತು. ಹೋದಲ್ಲೆಲ್ಲ ಸಭೆ ಮುಗಿದ ಮೇಲೆ, ಚಹಾ ಕುಡಿಯುವ ಹೊತ್ತಿಗೆ, ಇದೇ ಪ್ರಶ್ನೆ ಎತ್ತಿದೆ. ಹೊಡೆತದ ಬಗ್ಗೆ ಕೇಳಿದರೆ ತಲೆ ತಗ್ಗಿಸಿ ಕೂಡುವ ಹೆಣ್ಣುಮಕ್ಕಳು ಇದಕ್ಕೆ ಎಷ್ಟು ಬಾಯಿಬಿಟ್ಟು ಮಾತಾಡಿದರೆಂದರೆ ನನಗೇ ಬೆರಗಾಯಿತು. ಚಿತ್ತಾಪುರದಲ್ಲಿ ಶೇಂಗಾ ಬೇಡ, ಪಿತ್ತವಾಗುತ್ತದೆ ಎಂದರು. ಸೇಡಂನಲ್ಲಿ ಎಳ್ಳು ಉಷ್ಣ, ಗರ್ಭ ನಿಲ್ಲುವುದಿಲ್ಲ ಎಂದರು. ಸಂಕ್ರಮಣಕ್ಕೆ ಊರಿಗೆಲ್ಲ ಎಳ್ಳು-ಬೆಲ್ಲ ಹಂಚುವವಳು ಬಸುರಿಯಾಗಿದ್ದರೆ ತಾನು ಒಂದು ಕಾಳೂ ಬಾಯಿಗೆ ಹಾಕಿಕೊಳ್ಳುವುದಿಲ್ಲವಂತೆ. ವಾಡಿಯ ರೈಲ್ವೆ ಕ್ವಾರ್ಟರ್ಸಿನ ಓದಿದ ಹೆಣ್ಣುಮಗಳೊಬ್ಬಳು ಅನಾನಸು, ಚಹಾ, ಹುಣಸೆಹಣ್ಣು, ಮೆಂತ್ಯೆ ಎಲ್ಲಕ್ಕೂ ಹೆದರಿ, ಅನ್ನ-ಮೊಸರಿನ ಮೇಲೆ ದಿನ ದೂಡುತ್ತಿದ್ದಳು. ಅವಳ ಪಟ್ಟಿ ಅತ್ತೆ ಕೊಟ್ಟದ್ದಲ್ಲ, ತಾನೇ ಅಲ್ಲಿ ಇಲ್ಲಿ ಓದಿ ಮಾಡಿಕೊಂಡದ್ದು. ಓದಿದವಳ ಪಟ್ಟಿ ಓದದವಳ ಪಟ್ಟಿಗಿಂತ ಉದ್ದವಾಗಿತ್ತು ಎಂಬುದನ್ನು ಗಮನಿಸಿ.

ಶಹಾಬಾದದಲ್ಲಿ ಕಲ್ಲಿನ ಗಣಿಗೆ ಹೋಗುವ ಒಬ್ಬಾಕೆ ಮಾತ್ರ ಎಲ್ಲರ ಮಾತು ಕೇಳಿ ನಕ್ಕುಬಿಟ್ಟಳು. "ನಮಗ್ಯಾರೂ ಬ್ಯಾಡ ಅನ್ನಂಗಿಲ್ಲ ಅಕ್ಕಾ. ಮನ್ಯಾಗ ಇದ್ರ ತಾನೆ ಬ್ಯಾಡ ಅನ್ನೂದು?"

ಅವಳ ನಗೆಗೆ ನಾವೂ ನಕ್ಕೆವು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಇಲ್ಲಿ ನನ್ನದೇ ಒಂದು ಮಾತು ಹೇಳಿಕೊಳ್ಳಬೇಕು. 1986ರ ಬೇಸಿಗೆ. ಸೇಡಂನಿಂದ ಶಹಾಬಾದಕ್ಕೆ ಹೊರಟಿದ್ದೆ. ವಾಡಿಯಲ್ಲಿ ಗಾಡಿ ಬದಲಿಸಬೇಕು, ನಡುವೆ ಎರಡು ತಾಸು ಕಾಯಬೇಕು. ಆಗ ನನಗೆ ಎರಡೂವರೆ ತಿಂಗಳು. ಬಿಸಿಲಿಗೆ ಬಾಯಿ ಒಣಗಿ, ಸ್ಟೇಶನ್ನಿನ ಹೊರಗಿನ ಗಾಡಿಯವನ ಹತ್ತಿರ ಪಪ್ಪಾಯಿ ಹಣ್ಣಿನ ಹೋಳು ಕೊಂಡು, ಉಪ್ಪು-ಖಾರ ಹಚ್ಚಿಸಿಕೊಂಡು ತಿಂದೆ. ಹತ್ತು ದಿನದ ಮೇಲೆ ರಕ್ತ ಕಂಡಿತು, ಗರ್ಭ ಹೋಯಿತು. ಅತ್ತೆಯವರು ನನ್ನನ್ನು ಬೈಯಲಿಲ್ಲ. ಅವರೂ ಅಳುತ್ತಿದ್ದರು. ಅಳುತ್ತಲೇ ಕೇಳಿದರು, "ಏನ್ ತಿಂದಿದ್ದಿ?" ನಾನು ಹೇಳಿದೆ. ಅವರು ಹಣೆ ಚಚ್ಚಿಕೊಂಡರು. ಅಷ್ಟೆ. ಆದರೆ ಆ ಮೇಲೆ ಮನೆಯಲ್ಲಿ ಯಾರ ಮಗುವಿನ ತೊಟ್ಟಿಲ ಕಾರ್ಯವಾದರೂ ಯಾರಾದರೊಬ್ಬರ ಬಾಯಲ್ಲಿ ವಾಡಿಯ ಪಪ್ಪಾಯಿ ಬರುತ್ತಿತ್ತು. ಹೊರಗೆ ನಾನು ಹೆಣ್ಣಿನ ಹಕ್ಕಿನ ಬಗ್ಗೆ ಭಾಷಣ ಮಾಡುತ್ತಿದ್ದೆ, ಕರಪತ್ರ ಬರೆಯುತ್ತಿದ್ದೆ. ಒಳಗೆ, ನನ್ನ ಕೂಸನ್ನು ನಾನೇ ಕೊಂದೆ ಎಂದು ನಂಬಿದ್ದೆ. ಇಷ್ಟು ವರ್ಷ ಚಳವಳಿಯಲ್ಲಿದ್ದೂ ಈ ಮಾತನ್ನು ಒಬ್ಬ ಗೆಳತಿಗೂ ಹೇಳಿರಲಿಲ್ಲ.

ಹಾಗಾದರೆ ನಿಜವೇನು? ಸಿಂಗಪುರದ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೇ ನಂಬಿಕೆಯನ್ನು ಪರೀಕ್ಷೆಗೆ ಹಚ್ಚಿತು. ಬಸುರಿ ಇಲಿಗಳಿಗೆ ಕಳಿತ ಪಪ್ಪಾಯಿಯ ರಸ ಕುಡಿಸಿದಾಗ ಏನೂ ಆಗಲಿಲ್ಲ. ಪಪ್ಪಾಯಿ ಕಾಯಿಯ ಬಿಳಿ ಹಾಲು ಮಾತ್ರ ಗರ್ಭಕೋಶ ಹಿಂಡುವಂತೆ ಮಾಡಿತು. ಪ್ರಯೋಗ ಇಲಿಗಳ ಮೇಲಿನದು, ಹೆಂಗಸರ ಮೇಲಿನದಲ್ಲ, ಅದು ನೆನಪಿರಲಿ. ಆದರೂ ನಮ್ಮ ಅಜ್ಜಿಯರ ಮಾತಿನಲ್ಲಿ ಕಾಯಿಯ ಮಟ್ಟಿಗೆ ತಿರುಳಿತ್ತು, ಹಣ್ಣಿನ ಮಟ್ಟಿಗೆ ಇರಲಿಲ್ಲ ಎಂದು ಇದರಿಂದ ತಿಳಿಯುತ್ತದೆ. ಗೊತ್ತಾದ ಗರ್ಭಗಳಲ್ಲಿ ನೂರಕ್ಕೆ ಹತ್ತು-ಹದಿನೈದು ತಾನಾಗಿಯೇ ಹೋಗುತ್ತವೆ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಮೊದಲ ಮೂರು ತಿಂಗಳಲ್ಲಿ ಹೋಗುವವುಗಳಲ್ಲಿ ಅರ್ಧದಷ್ಟಕ್ಕೆ ಕಾರಣ ಬೀಜ ಕೂಡುವಾಗಲೇ ಆದ ವರ್ಣತಂತುಗಳ ದೋಷ. ತಾಯಿ ತಿಂದದ್ದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಇದನ್ನು ಓದಿದ ದಿನ ನಾನು ಪುಸ್ತಕ ಮಡಚಿಟ್ಟು ಬಹಳ ಹೊತ್ತು ಕೂತಿದ್ದೆ.

ಉಳಿದವುಗಳ ಮಾತನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಪತ್ರ ಬರೆದವಳು ಉತ್ತರಕ್ಕೆ ಕಾದಿದ್ದಾಳೆ. ಊಟದಲ್ಲಿ ತಿನ್ನುವ ಎಳ್ಳು, ಬೆಲ್ಲ, ಬದನೆಕಾಯಿ, ಬಾಳೆಹಣ್ಣು, ಶೇಂಗಾ ಇವುಗಳಿಂದ ಗರ್ಭ ಹೋಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಎಳ್ಳಿನಲ್ಲಿ ಕಬ್ಬಿಣವೂ ಸುಣ್ಣದಂಶವೂ ಇದೆ. ಚೆನ್ನಾಗಿ ಕುದಿಸಿದ ತತ್ತಿ ಬಡವರ ಮನೆಗೆ ಸಿಗುವ ಒಳ್ಳೆಯ ಆಹಾರ. ನಮ್ಮ ಪುಂಡಿಪಲ್ಯ, ಖಾರಬ್ಯಾಳಿ, ಮೊಳಕೆ ಕಾಳು, ಅಗಸೆ ಹಿಂಡಿ ಎಲ್ಲವನ್ನೂ ತಿನ್ನಬಹುದು. ರೊಟ್ಟಿಯ ಮೇಲೆ ಲಿಂಬೆ ಹಿಂಡಿಕೊಂಡರೆ ಊಟದ ಕಬ್ಬಿಣ ಮೈಗೆ ಹತ್ತುತ್ತದೆ. ಉಂಡ ಕೂಡಲೇ ಚಹಾ ಕುಡಿದರೆ ಹತ್ತುವುದಿಲ್ಲ. ಸರಕಾರಿ ದವಾಖಾನೆಯ ಕಬ್ಬಿಣದ ಗುಳಿಗೆಯಿಂದ ಕೂಸು ಕಪ್ಪಾಗುವುದಿಲ್ಲ, ಕೇಸರಿ ಹಾಲಿನಿಂದ ಬೆಳ್ಳಗೂ ಆಗುವುದಿಲ್ಲ.

ಇನ್ನು ನಿಜವಾಗಿ ಹೆದರಬೇಕಾದವು. ಅವು ನಮ್ಮ ಪಟ್ಟಿಗಳಲ್ಲಿ ಬರುವುದೇ ಇಲ್ಲ ಎನ್ನುವುದು ವಿಚಿತ್ರ. ಕಾಸದ ಹಾಲು, ಅರೆಬೆಂದ ಮಾಂಸ, ಕಾಯಿಸದ ಹೊಂಡದ ನೀರು. ಮಳೆಗೆ ಸಿಕ್ಕು ಬೂಷ್ಟು ಹಿಡಿದ ಜೋಳ, ಕಪ್ಪಾದ ಶೇಂಗಾ. 1995ರಲ್ಲಿ ದಖನ್ನಿನ ಕೆಲವು ಹಳ್ಳಿಗಳಲ್ಲಿ ಅಕಾಲದ ಮಳೆಯಲ್ಲಿ ನೆನೆದು ಬೂಷ್ಟು ಹಿಡಿದ ಜೋಳ ಮತ್ತು ಮೆಕ್ಕೆಜೋಳ ತಿಂದು ಮನೆಮನೆಯಲ್ಲಿ ಹೊಟ್ಟೆನೋವು, ಭೇದಿ ಆಗಿತ್ತು. ಒಳ್ಳೆಯ ಕಾಳು ಪೇಟೆಗೆ, ಕೆಟ್ಟ ಕಾಳು ಮನೆಗೆ ಎನ್ನುವುದು ಬಡ ಒಕ್ಕಲಿನ ಲೆಕ್ಕ. ಮನೆಯಲ್ಲೂ ಒಳ್ಳೆಯ ರೊಟ್ಟಿ ಯಾರಿಗೆ, ಉಳಿದದ್ದು ಯಾರಿಗೆ ಎಂಬ ಲೆಕ್ಕ ಇದ್ದೇ ಇದೆ. ಎಲೆಯಡಿಕೆಯ ಜೊತೆಗಿನ ತಂಬಾಕು ಇನ್ನೊಂದು. ಹಸಿವು ಗೊತ್ತಾಗದಿರಲಿ ಎಂದೇ ನಮ್ಮ ಕೂಲಿ ಹೆಣ್ಣುಮಕ್ಕಳು ಅದನ್ನು ದವಡೆಗಿಡುತ್ತಾರೆ. ಮುಂಬಯಿಯಲ್ಲಿ ನಡೆದು 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತಂಬಾಕು ಜಗಿಯುವ ತಾಯಂದಿರ ಕೂಸುಗಳ ತೂಕ ಸರಾಸರಿ 100 ಗ್ರಾಮಿಗಿಂತ ಹೆಚ್ಚು ಕಡಿಮೆಯಿತ್ತು. ಹೆಂಡ, ಸಾರಾಯಿ ಒಂದು ಗುಟುಕೂ ಬೇಡ.

ಮಣ್ಣು ತಿನ್ನುವುದರ ಬಗ್ಗೆ ನಿಂತು ಹೇಳಬೇಕು. ಮಣ್ಣಿನ ಹೆಂಟೆ, ಒಲೆಯ ಬೂದಿ, ಬಳಪ ಇವನ್ನು ಕದ್ದು ತಿನ್ನುವ ಬಸುರಿಯರನ್ನು ನಾವೆಲ್ಲ ಕಂಡಿದ್ದೇವೆ, ಬಯಕೆಯೆಂದು ನಕ್ಕಿದ್ದೇವೆ. ಹಾಡೂ ಕಟ್ಟಿದ್ದೇವೆ. ಆದರೆ ಈ ಚಪಲ ಬಹಳ ಸಲ ರಕ್ತ ಕಡಿಮೆಯಾದದ್ದರ ಗುರುತು. ಆ ಮಣ್ಣಿನಲ್ಲಿ ಜಂತಿನ ತತ್ತಿಗಳಿದ್ದರೆ ಇದ್ದ ರಕ್ತವೂ ಹೋಗುತ್ತದೆ. ಮಣ್ಣು ತಿನ್ನುವವಳನ್ನು ಬೈಯುವ ಮೊದಲು ಅವಳ ರಕ್ತ ಪರೀಕ್ಷೆ ಮಾಡಿಸಿ. ಬಸುರಿಗೆ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಿದ್ದರೆ ಜೀವಕ್ಕೆ ಅಪಾಯ. ತಾಯಿ ಕಾರ್ಡಿನಲ್ಲಿ ಆ ಸಂಖ್ಯೆ ಬರೆದಿರುತ್ತದೆ. ಎಷ್ಟು ಮನೆಗಳಲ್ಲಿ ಆ ಕಾರ್ಡನ್ನು ತೆಗೆದು ಓದುತ್ತಾರೆ?

ಎಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಅದನ್ನು ಪ್ರೀತಿಯಿಂದಲೇ ಕುಡಿಸುತ್ತಾರೆ. ಅದು ಗಂಡು ಹುಟ್ಟಲೆಂದು ಕೊಡುವ ಔಷಧಿ. ಹರಿಯಾಣದಲ್ಲಿ ನಡೆದ ಅಧ್ಯಯನಗಳಲ್ಲಿ ಇಂಥ ಪುಡಿ, ಬೀಜಗಳನ್ನು ತೆಗೆದುಕೊಂಡವರಿಗೆ ಅಂಗದೋಷವಿರುವ ಮಕ್ಕಳು ಹುಟ್ಟುವ ಅಪಾಯ ಹೆಚ್ಚೆಂದು ಕಂಡುಬಂದಿದೆ. ಕೂಸಿನ ಲಿಂಗ ಮೊದಲ ದಿನವೇ ನಿಶ್ಚಯವಾಗಿರುತ್ತದೆ. ಯಾವ ಬೇರೂ ಅದನ್ನು ತಿರುಗಿಸಲಾರದು. ಬಸುರಿಗೆ ಎಳ್ಳು ಬೇಡ ಎನ್ನುವ ಮನೆಯೇ ಹೆಸರೂ ಗೊತ್ತಿಲ್ಲದ ಈ ಪುಡಿಯನ್ನು ತಂದು ಹಾಲಿನಲ್ಲಿ ಕದಡಿ ಕುಡಿಸುತ್ತದೆ!

ಇಷ್ಟು ಹೇಳಿದ ಮೇಲೆ ಪ್ರಶ್ನೆ ಮುಗಿಯಿತೆ? ಇಲ್ಲ. ಏನು ತಿನ್ನಬೇಕೆಂದು ಹೇಳುವುದು ಸುಲಭ, ಯಾವಾಗ ಉಣ್ಣುತ್ತಾಳೆ ಎಂದು ಕೇಳಿ ನೋಡಿ. ಐದೂ ಊರಿನಲ್ಲಿ ನಾನು ಇದನ್ನು ಕೇಳಿದೆ. ಗಂಡಸರದಾದ ಮೇಲೆ, ಮಕ್ಕಳದಾದ ಮೇಲೆ, ಅತ್ತೆಯದಾದ ಮೇಲೆ, ಕೊನೆಗೆ. ಬೆಳಿಗ್ಗೆ ಮಾಡಿದ ಬ್ಯಾಳಿ ನಮ್ಮ ಕಡೆಯ ಬೇಸಿಗೆಯಲ್ಲಿ ಸಂಜೆಗೆ ಹಳಸುತ್ತದೆ. ಆ ಹಳಸಿದ್ದು ಯಾರ ತಾಟಿಗೆ ಬರುತ್ತದೆ? ಚೆಲ್ಲಿದರೆ ಬೈಗಳು, ತಿಂದರೆ ಭೇದಿ. ಕೊನೆಯಲ್ಲಿ ಉಣ್ಣುವವಳಿಗೆ ಉಳಿಯುವುದು ಕಡಿಮೆ, ಉಳಿದದ್ದೂ ಕೆಟ್ಟದ್ದು. ಆಹಾರದ ಸುರಕ್ಷತೆ ಎಂದು ದೊಡ್ಡ ಮಾತಿನಲ್ಲಿ ಹೇಳುವುದು ನಮ್ಮ ಅಡಿಗೆಮನೆಯಲ್ಲಿ ಉಣ್ಣುವ ಸರದಿಯ ಪ್ರಶ್ನೆಯಾಗಿದೆ.

ಎಷ್ಟು ಹೆಚ್ಚು ಬೇಕು ಬಸುರಿಗೆ? ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯ 2020ರ ಲೆಕ್ಕದಂತೆ ದಿನಕ್ಕೆ 350 ಕ್ಯಾಲೊರಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹೆಚ್ಚುಕಡಿಮೆ ಇನ್ನೊಂದು ಜೋಳದ ರೊಟ್ಟಿ, ಒಂದು ಹಿಡಿ ಶೇಂಗಾ. ಇಷ್ಟಕ್ಕೆ ಒಂದು ಮನೆ ಮುಳುಗುವುದಿಲ್ಲ.

ಆದರೆ ಬಸುರಿ ಕಡಿಮೆ ಉಣ್ಣಬೇಕೆಂಬ ಮಾತು ನಮ್ಮಲ್ಲಿ ಹಳೆಯದು. ಅದನ್ನು ಬರೀ ಮೂಢನಂಬಿಕೆ ಎಂದು ತಳ್ಳಿಹಾಕುವ ನಮ್ಮ ಕಾರ್ಯಕರ್ತೆಯರ ರೀತಿ ನನಗೆ ಒಪ್ಪಿಗೆಯಿಲ್ಲ. ಮಾರ್ಕ್ ನಿಕ್ಟರ್ ಮತ್ತು ಮಿಮಿ ನಿಕ್ಟರ್ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಬಸುರಿಯರ ಊಟದ ಬಗ್ಗೆ ಮಾಡಿದ ಅಧ್ಯಯನ 1983ರಲ್ಲಿ ಪ್ರಕಟವಾಯಿತು. ಹೊಟ್ಟೆಯಲ್ಲಿ ಕೂಸಿಗೂ ಅನ್ನಕ್ಕೂ ಇರುವುದು ಒಂದೇ ಜಾಗ, ಅನ್ನ ಹೆಚ್ಚಾದರೆ ಕೂಸಿಗೆ ಇಕ್ಕಟ್ಟು ಎಂದು ಅಲ್ಲಿಯ ಹೆಂಗಸರು ಅವರಿಗೆ ಹೇಳಿದ್ದರು. ಚಿಂಚೋಳಿಯ ತಾಂಡಾ ಒಂದರಲ್ಲಿ ಮುದುಕಿಯೊಬ್ಬಳು ನನಗೆ ಹೇಳಿದ್ದು ಅದೇ ಮಾತು. ಅವಳು ಇನ್ನೂ ಒಂದು ಮಾತು ಸೇರಿಸಿದಳು. ಅವಳ ತಂಗಿಗೆ ಎರಡು ದಿನ ಬ್ಯಾನೆ ಬಂದು, ಕೂಸು ಹೊರಗೆ ಬಾರದೆ, ತಾಯಿ-ಕೂಸು ಎರಡೂ ಹೋದವು. ರಸ್ತೆಯಿರಲಿಲ್ಲ, ಗಾಡಿಯಿರಲಿಲ್ಲ, ಹೊಟ್ಟೆ ಕೊಯ್ದು ತೆಗೆಯುವ ಡಾಕ್ಟರರ ಹೆಸರೇ ಕೇಳಿರಲಿಲ್ಲ. "ಸಣ್ಣ ಕೂಸು ಆದ್ರ ಸಲೀಸು ಬರ್ತದ, ತಾಯಿ ಉಳೀತಾಳ. ಅದಕ ಕಡಿಮಿ ಉಣ್ಣು ಅಂತೀವಿ." ದವಾಖಾನೆಯಿಲ್ಲದ ಕಾಲದಲ್ಲಿ ಸೊಸೆಯನ್ನು ಉಳಿಸಿಕೊಳ್ಳಲು ಅತ್ತೆಗೆ ತೋಚಿದ ಉಪಾಯ ಅದು. ಅವಳ ಭಯಕ್ಕೆ ಕಾರಣವಿತ್ತು. ಉಪಾಯ ಮಾತ್ರ ತಪ್ಪಾಗಿತ್ತು.

ಎಷ್ಟು ತಪ್ಪು ಎನ್ನುವುದನ್ನು ಯಾರೂ ಬಸುರಿಯರನ್ನು ಉಪವಾಸ ಕೆಡವಿ ಪರೀಕ್ಷಿಸಲಾರರು. ಯುದ್ಧ ಆ ಪರೀಕ್ಷೆಯನ್ನೂ ಮಾಡಿಬಿಟ್ಟಿತು. 1944-45ರ ಚಳಿಗಾಲದಲ್ಲಿ ಜರ್ಮನರು ಆಹಾರ ಸಾಗಣೆ ತಡೆದಾಗ ಹಾಲೆಂಡಿನ ಪಶ್ಚಿಮ ಭಾಗದ ನಗರಗಳು ಹಸಿವಿನಿಂದ ಕಂಗೆಟ್ಟವು. ದಿನದ ಪಡಿತರ ಸಾವಿರ ಕ್ಯಾಲೊರಿಗಿಂತ ಕೆಳಗೆ ಇಳಿಯಿತು. ಬಸಿರಿನ ಕೊನೆಯ ತಿಂಗಳುಗಳಲ್ಲಿ ಹಸಿದವರ ಕೂಸುಗಳು ಸುಮಾರು 300 ಗ್ರಾಂ ಕಡಿಮೆ ತೂಗಿದವು. ಹಸಿವು ಬಸಿರಿನಲ್ಲೇ ತಟ್ಟಿದ ಆ ಮಕ್ಕಳಿಗೆ ದೊಡ್ಡವರಾದ ಮೇಲೂ ಸಕ್ಕರೆ ಕಾಯಿಲೆಯಂಥ ತೊಂದರೆಗಳು ಹೆಚ್ಚಾಗಿ ಕಂಡವು. ತೂಕ ಕಡಿಮೆಯಾದ ಕೂಸು ಸಲೀಸಾಗಿ ಹುಟ್ಟಬಹುದು, ಸಲೀಸಾಗಿ ಬದುಕುವುದಿಲ್ಲ. ರಕ್ತವಿಲ್ಲದ ತಾಯಿಗೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ಪ್ರಾಣಕ್ಕೆ ಬರುತ್ತದೆ.

ಈಗ ನಮ್ಮ ಪತ್ರಿಕೆಯ ವಿಷಯಕ್ಕೆ ಬರುತ್ತೇನೆ, ಅಥವಾ ಇಷ್ಟು ಹೊತ್ತೂ ಅದರಲ್ಲೇ ಇದ್ದೆನೋ ಏನೋ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಬಸುರಿಯರಲ್ಲಿ ನೂರಕ್ಕೆ 45.7 ಜನ ರಕ್ತಹೀನರು. ಅದೇ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ಕರ್ನಾಟಕದ ಮದುವೆಯಾದ ಹೆಂಗಸರು ನೂರಕ್ಕೆ 44.4. ಇಡೀ ದೇಶದಲ್ಲಿ ನಮ್ಮದೇ ಹೆಚ್ಚು. ಎರಡು ಸಂಖ್ಯೆ ಹತ್ತಿರವಿದ್ದ ಮಾತ್ರಕ್ಕೆ ಅವರೇ ಇವರು ಎಂದಾಗುವುದಿಲ್ಲ. ಆದರೆ ಲೀಲ್ಯಾಂಡ್ ಅಕರ್ಸನ್ ಮತ್ತು ಎಸ್. ವಿ. ಸುಬ್ರಮಣಿಯನ್ 1998-99ರ ಅದೇ ಸಮೀಕ್ಷೆಯ ವಿವರಗಳನ್ನು ತೆಗೆದುಕೊಂಡು 2008ರಲ್ಲಿ ಒಂದು ಲೇಖನ ಬರೆದರು. ಮನೆಯಲ್ಲಿ ಮತ್ತೆ ಮತ್ತೆ ಹೊಡೆತ ತಿನ್ನುವ ಹೆಂಗಸರಲ್ಲಿ ರಕ್ತಹೀನತೆಯೂ ಕಡಿಮೆ ತೂಕವೂ ಹೆಚ್ಚು ಎಂದು ಅವರು ತೋರಿಸಿದರು. ಅನ್ನ ತಡೆಯುವುದೂ ಹೊಡೆತದ ಒಂದು ರೀತಿ ಎನ್ನುವುದನ್ನು ಅವರು ಕಾರಣಗಳಲ್ಲಿ ಒಂದಾಗಿ ಎಣಿಸಿದರು.

ಇದನ್ನು ತಿಳಿಯಲು ನಮಗೆ ಲೇಖನ ಬೇಕಿರಲಿಲ್ಲ. ಕೆಲವು ವರ್ಷದ ಹಿಂದೆ ಚಿತ್ತಾಪುರದ ಕಡೆಯ ಒಬ್ಬ ಹೆಣ್ಣುಮಗಳ ದೂರನ್ನು ನಾನು ಬರೆದುಕೊಡುತ್ತಿದ್ದೆ. ಬಂಗಾರ ಎಷ್ಟು ತೊಲ, ಗಾಡಿಗೆ ಎಷ್ಟು ಕೇಳಿದರು, ಯಾವ ದಿನ ಹೊಡೆದರು ಎಲ್ಲವನ್ನೂ ಬರೆದೆವು. ಅವಳು ಎದ್ದು ಹೋಗುವಾಗ, ಬಾಗಿಲ ಹತ್ತಿರ ನಿಂತು, ಬೇರೆ ಏನೋ ಹೇಳುವವಳಂತೆ ಹೇಳಿದಳು. ಬಸುರಿಯಿದ್ದಾಗ ಹಿಟ್ಟಿನ ಡಬ್ಬಿಯ ಕೋಣೆಗೆ ಕೀಲಿ ಹಾಕುತ್ತಿದ್ದರಂತೆ. ಎರಡು ರೊಟ್ಟಿ ಎಣಿಸಿ ಕೊಡುತ್ತಿದ್ದರಂತೆ. ಕೇಳಿದರೆ, "ನಿಮ್ಮಪ್ಪ ಕುಬುಸಕ್ಕ ಏನ್ ತಂದಾನ ಅಂತ ಉಣ್ತಿ?" "ಮತ್ತ ಇದನ್ಯಾಕ ಬರಿಸಲಿಲ್ಲ ತಂಗೀ?" ಎಂದೆ. "ಅನ್ನದ್ದು ಏನ್ ಬರಿಸೂದ್ರಿ ಅಕ್ಕೋರೆ, ನಾಚಿಕಿ" ಎಂದಳು.

ಹೊಡೆದದ್ದನ್ನು ಹೇಳಲು ಅವಳಿಗೆ ನಾಚಿಕೆಯಾಗಲಿಲ್ಲ. ಹಸಿದದ್ದನ್ನು ಹೇಳಲು ನಾಚಿಕೆಯಾಯಿತು. ತಪ್ಪು ನಮ್ಮದೂ ಇದೆ. ಅಷ್ಟು ವರ್ಷ ದೂರು ಬರೆದವಳು ನಾನು, ಊಟದ ಬಗ್ಗೆ ಒಂದು ದಿನವೂ ಕೇಳಿರಲಿಲ್ಲ.

ಕುಬುಸದ ಮಾತು ಬಂತು. ಬಸುರಿಗೆ ಹಸಿರು ಸೀರೆ, ಉಡಿ ತುಂಬುವುದು, ತವರಿನಿಂದ ಬಯಕೆಯ ಬುತ್ತಿ ಇವು ಹುಟ್ಟಿದ್ದು ಅವಳಿಗೆ ಬೇಕಾದ್ದನ್ನು ಉಣ್ಣಿಸಲಿ ಎಂದು. ಇಂದು ಹಲವು ಮನೆಗಳಲ್ಲಿ ಅದು ವರದಕ್ಷಿಣೆಯ ಎರಡನೆಯ ಕಂತು, ತೊಟ್ಟಿಲ ಕಾರ್ಯ ಮೂರನೆಯದು. ತವರಿನಿಂದ ಬಂದ ಬುತ್ತಿಯ ಅಳತೆಯಲ್ಲಿ ಅವಳ ಅನ್ನದ ಅಳತೆ ನಿಶ್ಚಯವಾಗುತ್ತದೆ. ಕಾನೂನು ಇಲ್ಲಿ ಸಂದಿ ಬಿಟ್ಟಿದೆ. 2001ರಲ್ಲಿ ಸತ್ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಗು ಹುಟ್ಟಿದಾಗ ರೂಢಿಯಂತೆ ಕೊಡುವಂಥವು ವರದಕ್ಷಿಣೆಯ ವ್ಯಾಖ್ಯೆಯೊಳಗೆ ಬರುವುದಿಲ್ಲ ಎಂದಿತು. ಹಾಗೆಂದು ಕೈಕಟ್ಟಿ ಕೂಡಬೇಕಿಲ್ಲ. ಕೊಡಲಿಲ್ಲವೆಂದು ಪೀಡಿಸಿದರೆ ಅದು ಕ್ರೌರ್ಯ. ಹಳೆಯ 498-ಎ ಈಗ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಮುಗಳಾಗಿ ಬಂದಿದೆ.

ಅದಕ್ಕಿಂತ ನಮಗೆ ಹತ್ತಿರದ್ದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ. ಅದು ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಆರ್ಥಿಕ ಹಿಂಸೆಯೆಂದರೆ ಏನೆಂದು ಹೇಳುವಲ್ಲಿ ಮನೆವಾರ್ತೆಗೆ ಬೇಕಾದ್ದನ್ನು ತಪ್ಪಿಸುವುದನ್ನೂ ಅದು ಸೇರಿಸಿದೆ. ಆ ಕಾಯ್ದೆಯ ಕೆಳಗೆ ತುಂಬಬೇಕಾದ ಮೊದಲನೆಯ ನಮೂನೆಯಲ್ಲಿ, ಎಂದರೆ ಕೌಟುಂಬಿಕ ಘಟನೆಯ ವರದಿಯಲ್ಲಿ, ನಿನಗೂ ನಿನ್ನ ಮಕ್ಕಳಿಗೂ ಊಟ, ಬಟ್ಟೆ, ಔಷಧಿ ಕೊಡದಿರುವುದು ಎಂಬ ಸಾಲು ಅಚ್ಚಾಗಿಯೇ ಇದೆ. ನಾಚಿಕೆಯಿಲ್ಲದೆ ಗುರುತು ಹಾಕುವುದಷ್ಟೇ ಬಾಕಿ. ದೂರು ಬರೆಯುವ ನಮ್ಮ ಎಲ್ಲ ಕಾರ್ಯಕರ್ತೆಯರಿಗೂ ನನ್ನ ಕೋರಿಕೆ ಇದು: ಬಂಗಾರದ ತೊಲ ಬರೆಯುವ ಮೊದಲು ರೊಟ್ಟಿ ಎಷ್ಟು ಎಂದು ಕೇಳಿ. ಕೀಲಿ ಯಾರ ಹತ್ತಿರ ಇತ್ತು, ಯಾವ ತಿಂಗಳಿನಿಂದ, ತಾಯಿ ಕಾರ್ಡಿನಲ್ಲಿ ತೂಕ ಏರಿತೋ ಇಳಿಯಿತೋ ಎಲ್ಲವನ್ನೂ ಬರೆಯಿರಿ. ತಿಂಗಳು ತಿಂಗಳ ತೂಕ ಬರೆದಿರುವ ಆ ಕಾರ್ಡು ಸಾಕ್ಷಿ ನುಡಿಯುತ್ತದೆ, ಅದರ ನಕಲು ಇಟ್ಟುಕೊಳ್ಳಿ.

ನಮ್ಮ ರಾಜ್ಯದಲ್ಲಿ ಈ ಕಾಯ್ದೆಯ ಸಂರಕ್ಷಣಾಧಿಕಾರಿಯ ಹೊಣೆ ಕೊಟ್ಟಿರುವುದು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ. ಅಂಗನವಾಡಿಗಳೂ ಅವರ ಕೈಕೆಳಗೇ ಇವೆ. ಬಸುರಿಯ ಅನ್ನವೂ ಬಸುರಿಯ ದೂರೂ ಒಂದೇ ಮೇಜಿಗೆ ಹೋಗುತ್ತವೆ ಎಂದಾಯಿತು. ಆ ಮೇಜಿನ ಮೇಲೆ ಎರಡೂ ಕಡತಗಳು ಒಂದನ್ನೊಂದು ಎಂದಾದರೂ ಭೇಟಿಯಾಗಿವೆಯೆ, ಕಾಣೆ.

2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ರಾಜ್ಯದ ಎಲ್ಲೆಡೆ ಶುರುವಾದಾಗ ನಾನು ಸಂತೋಷಪಟ್ಟವಳು. ಬಸುರಿ-ಬಾಣಂತಿಯರು ಅಂಗನವಾಡಿಗೆ ಬಂದು ಅಲ್ಲೇ ಕುಳಿತು ಬಿಸಿ ಅನ್ನ, ಸಾರು, ಪಲ್ಯ, ತತ್ತಿ, ಹಾಲು, ಶೇಂಗಾ ಚಿಕ್ಕಿ ತಿನ್ನಬೇಕು ಎಂಬುದು ಅದರ ಯೋಜನೆ. ಮನೆಗೆ ಕೊಟ್ಟ ರೇಷನ್ನು ಎಲ್ಲರ ತಾಟಿಗೆ ಹಂಚಿಹೋಗುತ್ತದೆ, ಅವಳ ತಾಟಿಗೆ ಕೊನೆಗೆ ಬರುತ್ತದೆ ಎನ್ನುವುದನ್ನು ಸರಕಾರವೇ ಒಪ್ಪಿಕೊಂಡಂತಿತ್ತು. ಆದರೆ ದಿನವೂ ಅಲ್ಲಿಗೆ ಬರುವವರಾರು? ಗಣಿಗೆ, ಹೊಲಕ್ಕೆ ಹೋಗುವವಳಿಗೆ ಮಧ್ಯಾಹ್ನ ಬರಲಾಗುವುದಿಲ್ಲ. ತಾಂಡಾದಿಂದ ಅಂಗನವಾಡಿ ದೂರ. ಮುಂಬಯಿ, ಹೈದರಾಬಾದಿಗೆ ದುಡಿಯಲು ಗುಳೆ ಹೋದವಳ ಹೆಸರು ಹಾಜರಿಪುಸ್ತಕದಲ್ಲಿ ಮಾತ್ರ. "ನಮ್ಮ ಸೊಸಿ ಊರ ಮುಂದ ಕುಂತು ಉಣ್ಣೂದ?" ಎನ್ನುವ ಮನೆತನದ ಮರ್ಯಾದೆ ಬೇರೆ. ಯಾರು ಅಡಿಗೆ ಮಾಡಿದ್ದು ಎಂಬ ಜಾತಿಯ ಪ್ರಶ್ನೆಯೂ ಇದೆ, ಅದನ್ನು ಮುಚ್ಚಿಡುವುದು ಬೇಡ. ತತ್ತಿಯ ಜಗಳ ನಿಮಗೆ ನೆನಪಿರಬೇಕು. 2021ರ ಡಿಸೆಂಬರಿನಲ್ಲಿ ಕಲಬುರಗಿ ಸೇರಿದಂತೆ ಈ ಭಾಗದ ಜಿಲ್ಲೆಗಳ ಶಾಲೆಗಳಲ್ಲಿ ಮಕ್ಕಳಿಗೆ ತತ್ತಿ ಕೊಡಲು ಹೊರಟಾಗ ಕೆಲವು ಮಠಾಧೀಶರು ವಿರೋಧಿಸಿದರು. ತತ್ತಿ ಬೇಕು ಎಂದು ಬೀದಿಗೆ ಇಳಿದವರು ಮಕ್ಕಳೇ. ಬಸುರಿಯರು ಹಾಗೆ ಬೀದಿಗೆ ಇಳಿದದ್ದನ್ನು ನಾನಿನ್ನೂ ಕಂಡಿಲ್ಲ.

ತೊಗರಿಯ ಕಣಜ ಎಂದು ನಮ್ಮ ಜಿಲ್ಲೆಯನ್ನು ಕರೆಯುತ್ತಾರೆ. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ರಾಶಿಯಲ್ಲಿ ತೂರುವವಳು, ಕೇರುವವಳು, ಬೇಳೆ ಒಡೆಯುವವಳು ಹೆಣ್ಣು. ಅವಳ ಬಸಿರಿನ ಒಂಬತ್ತು ತಿಂಗಳಲ್ಲಿ ದಿನಕ್ಕೆ ಒಂದು ವಾಟಿ ಗಟ್ಟಿಬ್ಯಾಳಿ ಅವಳ ತಾಟಿಗೆ ಬಿತ್ತೆ ಎಂದು ಲೆಕ್ಕ ಹಾಕಿದವರಿಲ್ಲ.

ಸೇಡಂನ ತಂಗಿಗೆ ನಾನು ಉತ್ತರ ಬರೆದೆ. ಕಳಿತ ಪಪ್ಪಾಯಿ ತಿನ್ನಬಹುದು, ಕಾಯಿ ಬೇಡ. ಎಳ್ಳು, ಬದನೆ, ತತ್ತಿ, ಬಾಳೆಹಣ್ಣು ಎಲ್ಲವೂ ಸರಿ. ಬಿಸಿಯಿದ್ದಾಗಲೇ ಎಲ್ಲರ ಜೊತೆ ಕುಳಿತು ಉಣ್ಣು, ಹಳಸಿದ್ದನ್ನು ಎತ್ತಿ ಚೆಲ್ಲು. ದವಾಖಾನೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸು, ಗುಳಿಗೆ ಬಿಡಬೇಡ. ಹೋದ ಸಲ ಹೋದದ್ದು ನೀನು ತಿಂದದ್ದರಿಂದ ಅಲ್ಲ. ಈ ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದೆ. ವಾಡಿಯ ನನ್ನ ಪಪ್ಪಾಯಿಯ ಕಥೆಯನ್ನೂ ಬರೆದೆ, ಮೊದಲ ಬಾರಿಗೆ.

ಮೂರು ವಾರದ ಮೇಲೆ ಅವಳ ಕಾರ್ಡು ಬಂತು. "ಪಪ್ಪಾಯಿ ಹಣ್ಣು ತಿಂದೆ ಅಕ್ಕಾ, ಏನೂ ಆಗಿಲ್ಲ. ನಿಮ್ಮ ಪತ್ರ ಅತ್ತಿಗಿ ಓದಿ ಹೇಳಿದೆ. ಅವರು ಸುಮ್ನ ಕೇಳಿದರು, ಆಮ್ಯಾಲ ತಮಗೂ ಎರಡು ಹೋಗಿದ್ದವು ಅಂದರು. ಊಟ ಮಾತ್ರ ಇನ್ನಾ ಕಡೀಕೇ ಮಾಡ್ತೀನಿ."

ಬರುವ ತಿಂಗಳು ಸೇಡಂಗೆ ಹೋಗುವುದಿದೆ. ಆ ಮನೆಗೂ ಹೋಗಿ, ಅತ್ತೆಯ ಜೊತೆ ಕುಳಿತು ಮಾತಾಡಿ ಬರಬೇಕೆಂದಿದ್ದೇನೆ. ಊಟದ ಹೊತ್ತಿಗೇ ಹೋಗುತ್ತೇನೆ.